ಸೊಲಾಂಜಳ ಹಳೇ ಬಳ್ಳಿಗಳು

ಮಧ್ಯಾಹ್ನ ಎರಡಕ್ಕೆ ದ್ರಾಕ್ಷಿ ಬಳ್ಳಿ ಕೀಳುವ ಟ್ರ್ಯಾಕ್ಟರ್ ಬರುವುದಿತ್ತು. ಹನ್ನೊಂದಕ್ಕೇ ಸೊಲಾಂಜ್ ಸೋತಿದ್ದಳು.

ಕೊರ್ಬಿಯೇರ್ ಗುಡ್ಡಗಳಲ್ಲಿ ಫೆಬ್ರವರಿಯ ಗಾಳಿ ಬಾಗಿಲು ಬಡಿಯುತ್ತಿತ್ತು. ಮಾವ ಫುಲ್ಕ್ರಾನ್ ನೆಲಮಾಳಿಗೆಯಲ್ಲಿ ಆ ವರ್ಷದ ವೈನ್ ಬೆರೆಸಲು ಕೂತಿದ್ದರು, ಬರಿಹೊಟ್ಟೆಯಲ್ಲಿ. ಅದು ಅವರಪ್ಪನ ಕಾಲದ ಕಟ್ಟಳೆ. ಮೊದಲ ಲೋಟದಲ್ಲಿ ಗ್ರೆನಾಶ್, ಸಿರಾ ಎಂಬ ಎರಡು ದ್ರಾಕ್ಷಿಗಳ ವೈನ್ ಅಷ್ಟೇ. ಗ್ರೆನಾಶ್ ಮಾಗಿದ ಹಣ್ಣಿನಂತೆ ಬಾಯಿಗೆ ಬೆಚ್ಚಗೆ. ಸಿರಾದಿಂದ ಕಡುಬಣ್ಣ, ಮೆಣಸಿನ ಘಮ. ಎರಡನೆಯದರಲ್ಲಿ ಇವುಗಳ ಜೊತೆ ಮೂರನೇ ಒಂದು ಪಾಲು ಸೊಲಾಂಜಳ ಹಳೇ ಬಳ್ಳಿಗಳ ಕಾರಿನ್ಯಾನ್. ಮಾವ ಅದನ್ನು ಬಾಯಲ್ಲಾಡಿಸಿ ಉಗಿದರು.

"ಹುಳಿ. ಒರಟು. ಬೇಡಮ್ಮ ಇದು."

"ಹೇಳಿರ್ಲಿಲ್ವೇನೇ?" ಗಂಡ ಬಾಸ್ಟಿಯನ್ ನಕ್ಕ. "ನಿನ್ನ ಬಳ್ಳಿ ವಿನೆಗರ್ ಮಾಡೋಕೆ ಲಾಯಕ್ಕು. ಕಿತ್ತು ಸಿರಾ ನೆಡೋಣ."

ಆ ಬಳ್ಳಿಗಳನ್ನು ನೆಟ್ಟವಳು ಅವಳಜ್ಜಿ. ತಂತಿಯ ಆಸರೆಯಿಲ್ಲದೆ ನಿಂತ ತೊಡೆಗಾತ್ರದ ಬುಡಗಳು. ಏಳನೇ ವಯಸ್ಸಿಗೇ ಸೊಲಾಂಜ್ ಅಲ್ಲಿ ಗೊಂಚಲು ಕೊಯ್ದಿದ್ದಳು. ಹೋದ ಚಳಿಗಾಲ ತುಂಬಿದ ಬಸುರಿಯಾಗಿ ಕತ್ತರಿ ಹಿಡಿದು ಒಂದೊಂದನ್ನೂ ಸವರಿದ್ದಳು. ಬೆರಕೆಗೆ ಬೇಡವಾದರೆ ಕೀಳಿಸುತ್ತೇನೆ ಎಂದು ಮಾತು ಕೊಟ್ಟವಳೂ ಅವಳೇ.

"ಮಾವ, ನಮ್ಮ ವೈನನ್ನ ಯಾರು ಬರಿಹೊಟ್ಟೇಲಿ ಕುಡೀತಾರೆ? ಜಿಡ್ಡಿನ ಊಟಕ್ಕೆ ಹುಳಿ ಬೇಕು. ಇವತ್ತು ಊಟಕ್ಕೆ ಎರಡನ್ನೂ ಇಡ್ತೀನಿ. ಆಮೇಲೆ ಹೇಳಿ."

ಮಾವ ಮೀಸೆ ಒರೆಸಿಕೊಂಡು ಆಗಲಿ ಎಂದು ತಲೆಯಾಡಿಸಿದರು.

ಅತ್ತೆ ಅಂಜೆಲ್ ಅಡುಗೆಮನೆಯಲ್ಲಿ ಎರಡು ಹೂಜಿ ತುಂಬಿದರು. ಕಾರಿನ್ಯಾನ್ ಇದ್ದದ್ದರ ತಳಕ್ಕೆ ಸೀಮೆಸುಣ್ಣದ ಗೀಟು. ಯಾವುದೆಂದು ಸೊಲಾಂಜಳಿಗೂ ಹೇಳಲಿಲ್ಲ.

ಆಲಿವ್ ಹಾಕಿ ಬೇಯಿಸಿದ ಕಾಡುಹಂದಿ, ಮೇಲೆ ಎಣ್ಣೆ ತೇಲುತ್ತಿತ್ತು. ಸೊಲಾಂಜಳ ತೊಡೆಯ ಮೇಲಿನ ಮಗು ಬ್ರೆಡ್ಡಿನ ಅಂಚು ಚೀಪುತ್ತಿತ್ತು. ಅವಳು ಕೈಗಳನ್ನಷ್ಟೇ ನೋಡುತ್ತಿದ್ದಳು. ಮೊದಲು ಎಲ್ಲರ ಕೈಯೂ ಎಡಗಡೆಯ ಹೂಜಿಗೆ ಹೋಯಿತು. ಅದು ಅರ್ಧಕ್ಕೆ ನಿಂತಿತು. ಆಮೇಲೆ ಮಾತಿನ ನಡುವೆ, ಯಾರೂ ಗಮನಿಸದೆ, ಕೈಗಳು ಬಲಗಡೆಗೆ ಹೊರಳಿದವು. ಬಾಸ್ಟಿಯನ್ ಅಂತೂ ಎಡದ್ದನ್ನು ಪಕ್ಕಕ್ಕೆ ಸರಿಸಿ ಬಲದ್ದನ್ನು ಎಳೆದುಕೊಂಡ.

ಯಾವುದು? ಅತ್ತೆ ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಗುಡ್ಡದ ತಿರುವಿನಲ್ಲಿ ಟ್ರ್ಯಾಕ್ಟರಿನ ಸದ್ದು. ಸೊಲಾಂಜ್ ಮಗುವನ್ನು ಎದೆಗೊತ್ತಿಕೊಂಡಳು.

ಮಾವ ಕೊನೆಯ ತುತ್ತಿಗೆಂದು ಬಲಗಡೆಯ ಹೂಜಿ ಬಗ್ಗಿಸಿದರು. ನಾಲ್ಕು ಹನಿ ಬಿತ್ತು. ಹೂಜಿ ಮಗುಚಿ ತಳ ನೋಡಿದರು. ಬಿಳಿ ಗೀಟು.

"ಹಂದಿ ಉಪ್ಪಾಗಿತ್ತು, ಬಾಯಾರಿತ್ತು ಅಷ್ಟೇ," ಎಂದ ಬಾಸ್ಟಿಯನ್.

"ಉಪ್ಪಾಗಿದ್ರೆ ಮೂರು ಸಲ ಯಾಕೋ ಬಡಿಸ್ಕೊಂಡೆ?" ಎಂದರು ಅತ್ತೆ.

ಮಾವ ಟೋಪಿ ಹಾಕಿಕೊಂಡು ಎದ್ದರು. "ಕೀಳೋದು ಬೇಡ ಅಂತ ಆ ಡ್ರೈವರ್‌ಗೆ ಹೇಳ್ತೀನಿ. ಪಾಪ, ಗಾಳೀಲಿ ಬಂದಿದಾನೆ, ಊಟಕ್ಕೂ ಕರೀತೀನಿ. ಏನಾದ್ರೂ ಉಳಿದಿದ್ಯಾ?"

"ಹಂದಿ ಇದೆ ಮಾವ," ಎಂದಳು ಸೊಲಾಂಜ್, ಮಗುವಿನ ಗಲ್ಲ ಒರೆಸುತ್ತ. "ಕುಡಿಯೋಕೆ ಮಾತ್ರ, ನೀವೆಲ್ಲ ಬಿಟ್ಟಿರೋ ಆ ಅರ್ಧ ಹೂಜೀನೇ."