ಮೊಳಕೆ ಬಾರದ ಹುರುಳಿ

ನನ್ನ ವಾರಗಿತ್ತಿ ಸಪ್ಪಲಮ್ಮ ಗಟ್ಟಿಗಿತ್ತಿ. ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಕಟ್ಟುತ್ತಿದ್ದಾಗ ಕೂಲಿಯವರಿಗೆ ಮುದ್ದೆ, ಮೊಳಕೆ ಹುರುಳಿಕಾಳಿನ ಸಾರು ಮಾಡಿ ಹಾಕುತ್ತಿದ್ದಳು. ನಾನೂ ಜೊತೆಗಿದ್ದೆ. ಹಾವು ಕಂಡರೂ ಕದಲದವಳು, ಯಾರಾದರೂ ಹೊಟ್ಟೆನೋವು ಅಂದರೆ ಬಿಳಚಿಕೊಳ್ಳುತ್ತಿದ್ದಳು. ಅವಳ ಗಂಡ, ಅಂದರೆ ನನ್ನ ಮೈದುನ, ಹೊಟ್ಟೆ ಉಬ್ಬಿಕೊಂಡೇ ತೀರಿಹೋಗಿದ್ದ.

ಆ ವರ್ಷದ ಚಳಿಗೆ, ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟ ಹುರುಳಿ ಮೊಳಕೆ ಒಡೆಯಲೇ ಇಲ್ಲ. ಬೆಚ್ಚಗಿದ್ದರೆ ಬೇಗ ಬರುತ್ತದೆಂದು ಸಪ್ಪಲಮ್ಮ ಗಂಟನ್ನು ಬಚ್ಚಲೊಲೆಯ ಮೇಲಿಟ್ಟಳು. ಬೆಳಿಗ್ಗೆ ಬಿಚ್ಚಿದರೆ ಕಾಳು ಬಿಸಿಯಾಗಿ ಮೆತ್ತಗಾಗಿತ್ತು. ಒಂದಕ್ಕೂ ಮೊಳಕೆಯಿಲ್ಲ.

"ಇರ್ಲಿ ಬಿಡಕ್ಕ, ಬೇಯಿಸಿದ್ರೆ ಎಲ್ಲಾ ಒಂದೇಯ" ಎಂದು ಹಾಗೇ ಬೇಯಿಸಿದಳು.

ತೂಬಗೆರೆಯ ಕೂಲಿ ಪಿಳ್ಳಣ್ಣ ಮತ್ತೆ ಮತ್ತೆ ಕಾಳು ಹಾಕಿಸಿಕೊಂಡು ಉಂಡ. ಸಂಜೆಗೆ ಶೆಡ್ಡಿನಲ್ಲಿ ಮುದುಡಿಕೊಂಡು ಬಿದ್ದಿದ್ದ. ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು.

ಮೇಸ್ತ್ರಿ ಕಾಂತರಾಜು ಕೂಗಾಡಿದ. "ಏನಮ್ಮಾ ಹಾಕ್ದೆ ಸಾರಿಗೆ? ಇವ್ನಿಗೇನಾದ್ರೂ ಆದ್ರೆ ಪೊಲೀಸ್ನೋರು ನಿನ್ನೇ ಎಳ್ಕೊಂಡೋಗೋದು!"

ಸಪ್ಪಲಮ್ಮನಿಗೆ ಪೊಲೀಸರ ಮಾತು ಕಿವಿಗೇ ಬೀಳಲಿಲ್ಲ. ನನ್ನ ಕೈ ಹಿಡಿದು, "ಅವ್ರದೂ ಹಿಂಗೇ ಇತ್ತು ಕಣಕ್ಕ. ಇವ್ನನ್ನ ಸಾಯಿಸ್ಬಿಟ್ನಾ ನಾನು?" ಎಂದಳು.

ಪಿಳ್ಳಣ್ಣನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು, ಕಾಂತರಾಜುವೂ ಸೇರಿ ಆಸ್ಪತ್ರೆಗೆ ಹೊರಟೆವು. ಹಳ್ಳ ಬಂದಾಗಲೆಲ್ಲ ಅವನು ನರಳುತ್ತಿದ್ದ. ನರಳಾಟ ನಿಂತರೆ ಇನ್ನೂ ಭಯ. ಸಪ್ಪಲಮ್ಮ ಅವನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ಅದೇ ಸಾರು ನಾನೂ ಉಂಡಿದ್ದೆ. ಸುಮ್ಮನೆ ನನ್ನ ಹೊಟ್ಟೆಯನ್ನೂ ಒತ್ತಿ ನೋಡಿಕೊಂಡೆ.

ಡಾಕ್ಟರಮ್ಮ ಹೊಟ್ಟೆ ಬಡಿದು ನೋಡಿ, ಏನು ತಿಂದ ಎಂದು ವಿಚಾರಿಸಿದರು. ಸಪ್ಪಲಮ್ಮ ಒಲೆಯ ಸಂಗತಿ ಹೇಳಿದಳು.

"ವಿಷ ಅಲ್ಲಮ್ಮ. ಹುರುಳೀಲಿ ಒಂಥರಾ ಸಕ್ಕರೆ ಇರತ್ತೆ. ಅದನ್ನ ಒಡೆಯೋಕೆ ನಮ್ಮ ಹೊಟ್ಟೆಗೆ ಬರಲ್ಲ, ಕರುಳಲ್ಲಿ ಗ್ಯಾಸ್ ಆಗತ್ತೆ. ಕಾಳು ಮೊಳಕೆ ಒಡೆಯೋವಾಗ ಅದರೊಳಗೆ ಕಿಣ್ವ ಅಂತ ಒಂದು ಕೆಲಸಕ್ಕೆ ಇಳಿಯತ್ತೆ. ಆ ಸಕ್ಕರೇನ ಕತ್ತರಿಸಿ ಮೊಳಕೆಗೆ ಊಟ ಮಾಡ್ಕೊಡತ್ತೆ. ನಿಮ್ಮ ಒಲೆ ಶಾಖಕ್ಕೆ ಕಿಣ್ವ ಕೆಟ್ಟೋಯ್ತು, ಸಕ್ಕರೆ ಹಾಗೇ ಉಳೀತು."

"ಬದುಕ್ತಾನಾ ಹೇಳವ್ವಾ."

"ಇಂಜೆಕ್ಷನ್ ಕೊಟ್ಟಿದ್ದೀನಿ. ಗಾಳಿ ಹೋಗ್ಬೇಕು. ಹೋಗ್ಲಿಲ್ಲಾಂದ್ರೆ ಬೆಂಗಳೂರಿಗೆ ಕಳಿಸೋಣ."

ಅವಳ ಗಂಡನನ್ನೂ ಬೆಂಗಳೂರಿಗೆ ಕಳಿಸೋಣ ಅಂದಿದ್ದರು. ದಾರಿಯಲ್ಲೇ ಪ್ರಾಣ ಹೋಗಿತ್ತು. ಸಪ್ಪಲಮ್ಮ ಮಂಚದ ಪಕ್ಕ ಕುಳಿತು ಪಿಳ್ಳಣ್ಣನ ಹೊಟ್ಟೆಯ ಮೇಲೆ ಕೈಯಿಟ್ಟಳು. ಎಷ್ಟೋ ಹೊತ್ತಿನ ಮೇಲೆ ಅವನು ಮಗ್ಗುಲಾದ. ಮಂಚವೇ ಅದುರುವ ಹಾಗೆ ಸದ್ದಾಯಿತು.

"ಥೂ ನಿನ್ನ! ಏರ್‌ಪೋರ್ಟ್ ಮುಗಿಯೋಕ್ಕೆ ಮುಂಚೇನೇ ವಿಮಾನ ಹಾರಿಸ್ಬಿಟ್ಯಲ್ಲೋ ಲೇ!" ಎಂದ ಕಾಂತರಾಜು.

ಎಲ್ಲರೂ ನಕ್ಕೆವು. ಸಪ್ಪಲಮ್ಮ ನಗಲಿಲ್ಲ. ಅವನ ಹೊಟ್ಟೆಯ ಮೇಲೆ ಇಟ್ಟ ಕೈಯನ್ನು ಅದು ಮೆತ್ತಗಾಗುವವರೆಗೂ ತೆಗೆಯಲಿಲ್ಲ. ಕೊನೆಗೆ ಅವನೇ ನಾಚಿಕೊಂಡು, "ಬಿಡಮ್ಮೋ, ಬದುಕಿದ್ದೀನಿ" ಅಂದ.

ಆಮೇಲೂ ಅವಳು ಅಡಿಗೆ ಬಿಡಲಿಲ್ಲ. ಆದರೆ ಉಂಡು ಎದ್ದವರ ಹೊಟ್ಟೆಯನ್ನು ಕದ್ದು ನೋಡುವುದು ಮಾತ್ರ ಸಾಯುವ ತನಕ ತಪ್ಪಲಿಲ್ಲ.