ಐಸ್ ಪ್ಲಾಂಟಿನ ಕಂಪ್ಯೂಟರಿಗೆ ಕೃತಜ್ಞತೆ

ನನಗೊಂದು ದುಃಖವಿದೆ. ಅದನ್ನು ಯಾರಿಗಾದರೂ ಹೇಳಿಕೊಳ್ಳಬೇಕಾದರೆ ಮೊದಲು ಅವರನ್ನು ಕೂರಿಸಿ ಅರ್ಧ ಗಂಟೆ ಗಣಿತ ಹೇಳಿಕೊಡಬೇಕು. ಹಾಗಾಗಿ ಹೆಚ್ಚಿನವರಿಗೆ ಹೇಳಿಲ್ಲ. ಮೊಣಕಾಲು ನೋವಿನವರಿಗೆ, ಸೊಸೆಯ ಕಾಟದವರಿಗೆ ನಮ್ಮ ಊರಿನಲ್ಲಿ ಬೇಕಾದಷ್ಟು ಕಿವಿಗಳಿವೆ. ನನ್ನದನ್ನು ಕೇಳಲು ಕೂತವರು ಅಳುವ ಜಾಗ ಬರುವ ಮೊದಲೇ ಆಕಳಿಸುತ್ತಾರೆ. ನೀವು ಓದುವವರು, ಅರ್ಧದಲ್ಲಿ ಎದ್ದು ಹೋದರೂ ನನಗೆ ಕಾಣುವುದಿಲ್ಲ. ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ಗಣಿತ ಸ್ವಲ್ಪವೇ ಸಾಕು. ತೊಂಬತ್ತೊಂದನ್ನು ನೋಡಿ. ಯಾವುದಕ್ಕೂ ಬಗ್ಗದವರ ಮುಖ ಹೊತ್ತು ನಿಂತಿದೆ. ಆದರೆ ಏಳನ್ನು ಹದಿಮೂರರಿಂದ ಗುಣಿಸಿದರೆ ಸಿಗುವುದು ಅದೇ. ಹೀಗೆ ನೂರಾರು ಅಂಕೆಗಳಷ್ಟು ಉದ್ದದ ಸಂಖ್ಯೆಗಳಿವೆ. ಇವು ಒಡೆಯುತ್ತವೆ ಎಂದು ಹೇಳುವುದು ಸುಲಭ, ಎಲ್ಲಿ ಒಡೆಯುತ್ತವೆ ಎಂದು ಹೇಳುವುದು ಮಹಾ ಕಷ್ಟ. ಒಳಗಿನಿಂದ ಚಿಲಕ ಹಾಕಿದ ಮನೆಯ ಹಾಗೆ: ಯಾರೋ ಇರುವುದು ಖಚಿತ, ಯಾರೆಂದು ಗೊತ್ತಿಲ್ಲ. ಬ್ಯಾಂಕುಗಳ ಗುಟ್ಟೆಲ್ಲ ಇಂಥ ಸಂಖ್ಯೆಗಳ ಮೇಲೆ ನಿಂತಿದೆಯಂತೆ. ಆದರೆ ಪ್ರಪಂಚದ ಬೇರೆ ಬೇರೆ ಮೂಲೆಯ ಕೆಲವು ಹುಚ್ಚರು ತಮ್ಮ ತಮ್ಮ ಕಂಪ್ಯೂಟರುಗಳನ್ನು ಸೇರಿಸಿಕೊಂಡು, ಸಂಬಳವಿಲ್ಲದೆ ಒಡೆಯುತ್ತಿದ್ದ ಸಂಖ್ಯೆಗಳು ಬ್ಯಾಂಕಿಗೂ ಬೇಡದವು. ಆ ಹುಚ್ಚರಲ್ಲಿ ನಾನೂ ಒಬ್ಬಳು.

ಆಗ ನಾನು ಗಂಗೊಳ್ಳಿಯ ಒಂದು ಐಸ್ ಪ್ಲಾಂಟಿನ ಆಫೀಸಿನಲ್ಲಿದ್ದೆ. ಬಿ.ಎಸ್ಸಿ.ಯಲ್ಲಿ ಗಣಿತ ಓದಿ ಬೋಟುಗಳಿಗೆ ಹೋಗುವ ಮಂಜುಗಡ್ಡೆಯ ಬಿಲ್ಲು ಬರೆಯುವುದು ನನ್ನ ಉದ್ಯೋಗ. ಕಾಲೇಜಿನಲ್ಲಿ ನನಗೆ ಪಾಠ ಹೇಳಿದ್ದ ಸೋಮಯಾಜಿ ಸರ್ ಒಮ್ಮೆ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಈ ಹುಚ್ಚನ್ನು ಅಂಟಿಸಿದರು. ಅವರ ಊರು ಶಂಕರನಾರಾಯಣ. ಪಾಠ ಹೇಳುವಾಗ ಕರಿಹಲಗೆಗೆ ಬೆನ್ನು ತಿರುಗಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಸಂಖ್ಯೆಗಳು ಅವರಿಗೆ ಒಳಗೇ ಕಾಣುತ್ತಿದ್ದವು. ನಮ್ಮ ಮನೆಯ ಹೆಂಗಸರು ಮೀನಿನ ಬುಟ್ಟಿ ಹೊತ್ತವರು. ನನ್ನೊಡನೆ ಒಂದು ಗಟ್ಟಿ ವಿಷಯವನ್ನು ಸರಿಸಮವಾಗಿ ಮಾತಾಡಿದ ಮೊದಲ ಮನುಷ್ಯ ಅವರು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಸಿಟ್ಟಿನಲ್ಲಿ ಮರೆತುಹೋಗಬಹುದು.

ರಾತ್ರಿಯಿಡೀ ಈ ಲೆಕ್ಕಕ್ಕೆ ಬಿಟ್ಟು ಬರುತ್ತಿದ್ದ ಪ್ಲಾಂಟಿನ ಕಂಪ್ಯೂಟರಿಗೆ ಇಂಟರ್ನೆಟ್ ಇರಲಿಲ್ಲ. ಶನಿವಾರ ಫ್ಲಾಪಿ ಹಿಡಿದು ಬಸ್ಸು ಹತ್ತಿ ಸರ್ ಮನೆಗೆ ಹೋಗುತ್ತಿದ್ದೆ. ಅವರು ವಿದೇಶದಲ್ಲಿದ್ದ ಸಂಯೋಜಕರಿಗೆ ನಮ್ಮಿಬ್ಬರ ಕೆಲಸವನ್ನು ಒಟ್ಟಿಗೆ ಮೇಲ್ ಮಾಡುತ್ತಿದ್ದರು. ಹೆಸರು ಅವರದು. "ಮೇಲ್ ಐಡಿ ನಂದ್ ಅಲ್ದಾ, ಅದ್ಕೆ. ಕೆಲ್ಸ ಇಬ್ರದ್ದೇ" ಎಂದಿದ್ದರು. ನಾವು ಕಳಿಸುತ್ತಿದ್ದುದು ಬಹುತೇಕ ಸೋಲಿನ ವರದಿ: ಇಷ್ಟು ಸಲ ಯತ್ನಿಸಿದೆವು, ಏನೂ ಸಿಗಲಿಲ್ಲ. ಈ ಕೆಲಸದಲ್ಲಿ ಸಿಗಲಿಲ್ಲ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಇನ್ನೊಬ್ಬರು ಹುಡುಕಬೇಕಾಗಿಲ್ಲವಲ್ಲ. ಸೋಲಿಗೆ ಇಷ್ಟು ಮರ್ಯಾದೆಯಿರುವ ಜಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪ್ಲಾಂಟಿನ ಧಣಿಗಳಿಗೆ ಮಾತ್ರ ಅನುಮಾನ.

"ಹ್ವಾಯ್ ಶ್ಯಾಮಲಾ, ಮನಿಗ್ ಹೋಪತಿಗೆ ಆ ಪೆಟ್ಟಿ ಎಂತಕ್ಕೆ ಬಂದ್ ಮಾಡುದಿಲ್ಲೆ?"

"ಅದ್ ಲೆಕ್ಕ ಮಾಡ್ತಾ ಇತ್ತ್ ಧಣಿ."

"ಯಾರ್ ಲೆಕ್ಕ?"

"ಯಾರದ್ದೂ ಅಲ್ಲ."

ಯಾರದ್ದೂ ಅಲ್ಲದ ಲೆಕ್ಕ ಎಂದರೆ ತೆರಿಗೆಯವರ ಲೆಕ್ಕವೇ ಇರಬೇಕೆಂದು ಅವರು ಕೆಲವು ದಿನ ನನ್ನೊಡನೆ ತುಂಬ ಮೆತ್ತಗೆ ಮಾತಾಡಿದರು.

ಒಂದು ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆದು ಪರದೆ ನೋಡಿದರೆ ಎಂದೂ ಕಾಣದ ಒಂದು ಸಾಲಿತ್ತು: ಅಪವರ್ತನ ಸಿಕ್ಕಿದೆ. ಕೆಳಗೆ ಉದ್ದಕ್ಕೆ ಅಂಕೆಗಳು. ಹೊರಗೆ ಮಂಜುಗಡ್ಡೆ ಪುಡಿಮಾಡುವ ಯಂತ್ರ ಅರಚುತ್ತಿತ್ತು. ಮೂಲ ಸಂಖ್ಯೆಯನ್ನು ಅದರಿಂದ ಭಾಗಿಸಿ ನೋಡಿದೆ. ಶೇಷ ಸೊನ್ನೆ. ಮನುಷ್ಯರು ಹುಟ್ಟುವ ಮೊದಲಿನಿಂದಲೂ ಆ ಸಂಖ್ಯೆ ಅಲ್ಲಿಯೇ ಒಡೆಯುತ್ತಿತ್ತು. ಅದು ತಿಳಿದದ್ದು ಆ ಗಳಿಗೆಯಲ್ಲಿ ಭೂಮಿಯ ಮೇಲೆ ನನಗೊಬ್ಬಳಿಗೆ. ಶನಿವಾರದವರೆಗೆ ಕಾಯಲಾಗಲಿಲ್ಲ. ಅರ್ಧ ದಿನ ರಜೆ ಹಾಕಿ ಓಡಿದೆ.

ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಇಷ್ಟ್ ವರ್ಷ ಕಾದದ್ದಕ್ಕೂ ಸಾರ್ಥಕ ಆಯ್ತ್ ಕಾಣ್" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ಎದುರಲ್ಲೇ ಕೂತಿರುವಾಗ ಮೇಲ್ ಹೋಯಿತು. ಅವರ ಹೆಂಡತಿ ನಮಗೆ ಅವಲಕ್ಕಿ ಕೊಟ್ಟರು.

ಮನೆಯಲ್ಲಿ ಅಮ್ಮನಿಗೆ ಹೇಳಿದೆ.

"ಅದನ್ನ್ ಒಡ್ದ್ರೆ ಒಳ್ಗೆ ಎಂತ ಇರತ್ತ್?" ಎಂದು ಕೇಳಿದಳು.

"ಮತ್ತೆರಡ್ ಸಂಖ್ಯೆ."

"ಅವನ್ನ್ ಒಡುಕೆ ಆತ್ತಾ?"

"ಇಲ್ಲೆ."

"ಹಂಗಾರ್ ಬಿಡ್. ಕೈ ತೊಳ್ಕಂಡ್ ಬಾ, ಊಟ ಮಾಡುವ."

ಆಮೇಲಿನದು ಬೇಗ ಬೇಗ ನಡೆಯಿತು. ಸಂಯೋಜಕರು ಅಭಿನಂದಿಸಿ ಬರೆದರು, ಹೆಸರು ಗೊತ್ತಿದ್ದದ್ದು ಒಂದೇ, ಅದಕ್ಕೆ ಬರೆದರು. ಕಾಲೇಜಿನವರಿಗೆ ತಿಳಿಯಿತು. ಪತ್ರಿಕೆಯಲ್ಲಿ ಸರ್ ಫೋಟೋ ಬಂತು. ಕುಂದಾಪುರದ ಒಂದು ಸಭಾಭವನದಲ್ಲಿ ಸನ್ಮಾನ ಇಟ್ಟುಕೊಂಡರು. ತಂಗಿ ವನಜಳನ್ನು ಕರೆದುಕೊಂಡು ಹೋದೆ. ಹೊಸ ಸೀರೆ ಉಟ್ಟಿದ್ದೆ, ಎಲ್ಲಿಯಾದರೂ ವೇದಿಕೆಗೆ ಕರೆದರೆ ಎಂದು. ನಿರೂಪಕರು "ಜಗತ್ತಿನ ಅತಿದೊಡ್ಡ ಸಂಖ್ಯೆಯನ್ನು ಕಂಡುಹಿಡಿದ ಮಹನೀಯರು" ಎಂದರು. ಅತಿದೊಡ್ಡ ಸಂಖ್ಯೆ ಎಂಬುದು ಇಲ್ಲ, ಒಂದು ಕೂಡಿಸಿದರೆ ಮುಗಿಯಿತು. ಆ ಇಡೀ ಸಭೆಯಲ್ಲಿ ಇದಕ್ಕೆ ನಗು ತಡೆದುಕೊಂಡವರು ಇಬ್ಬರೇ, ವೇದಿಕೆಯ ಮೇಲೆ ಸರ್, ಕೆಳಗೆ ನಾನು. ನಮ್ಮ ಕಣ್ಣು ಒಮ್ಮೆ ಕೂಡಿತು ಸಹ.

ಸರ್ ಚೆನ್ನಾಗಿ ಮಾತಾಡಿದರು. ವಿದೇಶದ ಗೆಳೆಯರಿಗೆ, ಪ್ರಾಂಶುಪಾಲರಿಗೆ, ಹೆಂಡತಿಗೆ ಕೃತಜ್ಞತೆ ಹೇಳಿದರು. ಕೊನೆಗೆ, "ಗಂಗೊಳ್ಳಿಯ ಒಂದು ಐಸ್ ಪ್ಲಾಂಟಿನ ಕಂಪ್ಯೂಟರಿಗೂ ನಾನು ಕೃತಜ್ಞ" ಎಂದರು. ಜನ ನಕ್ಕು ಚಪ್ಪಾಳೆ ತಟ್ಟಿದರು. ವನಜ ನನ್ನ ಮುಖ ನೋಡಿದಳು. ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ಕೈಗಳಿಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಮರುದಿನ ಧಣಿಗಳು ಆಫೀಸಿಗೆ ಬಂದವರೇ "ನಮ್ಮ ಪೆಟ್ಟಿ ಹೆಸ್ರ್ ಸ್ಟೇಜ್ ಮೇಲ್ ಹೇಳ್ರಂಬ್ರಲೆ" ಎಂದು ಕಂಪ್ಯೂಟರಿಗೆ ಕುಂಕುಮ ಇಟ್ಟು ಸೇವಂತಿಗೆ ಹೂ ಮುಡಿಸಿದರು. ಆ ದಿನ ಅದರ ಮುಂದೆ ಕೂತು ಬಿಲ್ಲು ಮಾಡಿದವಳು ನಾನು.

ಹೋಗಿ ಕೇಳಿದೆ. ಕೇಳದೆ ಕೊರಗುವಷ್ಟು ಸಾತ್ವಿಕ ರಕ್ತ ನಮ್ಮ ಮನೆತನದ್ದಲ್ಲ.

"ಸರ್, ನನ್ ಹೆಸ್ರ್ ಹೇಳ್ಲಿಲ್ಲೆ ನೀವ್."

ಅವರು ಗಲಿಬಿಲಿಗೊಳ್ಳಲಿಲ್ಲ. ಪಾಠದ ದನಿಯಲ್ಲಿ, "ಶ್ಯಾಮಲಾ, ಯಾರ್ ಯಂತ್ರದೊಳ್ಗೆ ಸಿಕ್ತ್ ಅಂಬುದ್ ಬರೀ ಅದೃಷ್ಟ. ಸಿಕ್ಕದೇ ಇದ್ದವ್ರ್ ಪಾಲೂ ಅಷ್ಟೇ ಇತ್ತ್. ಬೇರೆಯವ್ರಿಗ್ ಗೊತ್ತಾಪುದಿಲ್ಲೆ, ನಿಂಗ್ ಗೊತ್ತಾತ್ತಲೆ" ಎಂದರು.

ನಿಜ. ಗಣಿತದ ಪ್ರಕಾರ ಒಂದಕ್ಷರವೂ ತಪ್ಪಿಲ್ಲ. ತಪ್ಪು ಮಾತಿನಿಂದ ನೋಯಿಸಿದವರಿಗೆ ಎದುರು ಮಾತಾಡಬಹುದು, ಸರಿ ಮಾತಿನಿಂದ ನೋಯಿಸಿದವರಿಗೆ ಏನು ಹೇಳುವುದು? "ಹಂಗಾರೆ ಶಾಲ್ ಎಂತಕ್ಕೆ ಹೊದ್ಕಂಡ್ರಿ ಸರ್?" ಎಂದು ಕೇಳಬಹುದಿತ್ತು. ಅದು ನನಗೆ ಹೊಳೆದದ್ದು ಬಸ್ಸು ತ್ರಾಸಿಯಲ್ಲಿ ತಿರುಗಿದ ಮೇಲೆ. ಕಂಡಕ್ಟರನಿಗೆ ಹೇಳಿ ಪ್ರಯೋಜನವಿರಲಿಲ್ಲ.

ಶನಿವಾರದ ಪಯಣ ನಿಂತಿತು. ಪ್ಲಾಂಟಿಗೆ ಇಂಟರ್ನೆಟ್ ಬಂದ ಮೇಲೆ ನನ್ನದೇ ಹೆಸರಿನಲ್ಲಿ ಕೆಲವು ವರ್ಷ ಹುಡುಕಿದೆ. ಏನೂ ಸಿಗಲಿಲ್ಲ. ನನ್ನ ಹೆಸರಿನಲ್ಲಿ ಈಗ ಅಲ್ಲಿ ಗೌರವಾನ್ವಿತ ಸೋಲುಗಳ ದೊಡ್ಡ ರಾಶಿಯಿದೆ. ಆಮೇಲೆ ಧಣಿಗಳು ಕಂಪ್ಯೂಟರು ಬದಲಿಸಿದರು, ನಾನೂ ಬಿಟ್ಟೆ. ಸಿಟ್ಟನ್ನು ಮಾತ್ರ ಬಿಡಲಿಲ್ಲ. ಆದರೆ ಅದನ್ನು ಹಂಚಿಕೊಳ್ಳಲು ಹೊರಟಾಗಲೆಲ್ಲ ಒಂದೇ ತೊಡಕು: ನಾನು ಕಳೆದುಕೊಂಡದ್ದು ಎಷ್ಟು ದೊಡ್ಡದು ಎಂದು ಅಳೆಯಬಲ್ಲವರು ಜಿಲ್ಲೆಯ ಮೂರೂ ತಾಲೂಕಿನಲ್ಲಿ ಒಬ್ಬರೇ ಇದ್ದರು, ಅವರೇ ಅದನ್ನು ತೆಗೆದುಕೊಂಡಿದ್ದರು.

ಮೊನ್ನೆ ಹಟ್ಟಿಯಂಗಡಿಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತವರನ್ನು ನೋಡಿದರೆ ಸೋಮಯಾಜಿ ಸರ್. ನಿವೃತ್ತರಾಗಿದ್ದಾರೆ, ತುಂಬ ಸೊರಗಿದ್ದಾರೆ. ಇಷ್ಟು ವರ್ಷ ಮಸೆದಿಟ್ಟುಕೊಂಡ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವರು, ನಿನ್ನೆ ಬಿಟ್ಟ ಮಾತನ್ನು ಮುಂದುವರಿಸುವವರಂತೆ, "ಹೊಸ್ದೊಂದ್ ಒಡ್ದ್ರಂಬ್ರ್, ಕಂಡ್ಯಾ?" ಎಂದರು.

"ಯಾವ ವಿಧಾನ್ದಂಗೆ?" ಎಂದು ಕೇಳಿದವಳು ನಾನೇ.

ಪಾಯಸ ಬಂದು ಹೋದದ್ದು ಗೊತ್ತಾಗಲಿಲ್ಲ. ಎಲೆ ಎತ್ತುವವರು ಬಂದು ನಿಂತರು. ಹೊರಗೆ ವನಜ ಕಾದು ಕಾದು ಕೆಂಡವಾಗಿದ್ದಳು.

"ತಪ್ಪಾಯ್ತ್ ಅಂದ್ರಾ?"

"ಇಲ್ಲೆ."

"ಮತ್ತ್ ಅಷ್ಟೊತ್ತ್ ಎಂತ ಮಾತಾಡ್ದೆ ಅವ್ರತ್ರ?"

ವಿವರಿಸಲು ಹೋಗಲಿಲ್ಲ. ಸರ್ ಭಾನುವಾರ ಫೋನ್ ಮಾಡುತ್ತೇನೆಂದಿದ್ದಾರೆ. ಎತ್ತುವುದಿಲ್ಲ ಎಂದು ವನಜಳಿಗೆ ಮಾತು ಕೊಟ್ಟಿದ್ದೇನೆ. ಎತ್ತುತ್ತೇನೆ.