ಏಳನೇ ಇಲಿಯ ಬಾಲ

ಸತ್ತವರು ಏನಾದರೂ ತಿಳಿಸಿ ಹೋಗುತ್ತಾರೆ ಎಂಬ ಮಾತನ್ನು ನಾನು ನಂಬಿದವನಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ಕುಶಾಲನಗರದ ಹೊರಗಿನ ಒಂದು ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುತ್ತಿದ್ದೆ. ವೈರಿನ ಮೇಲಿನ ಪ್ಲಾಸ್ಟಿಕ್ಕಿನಂತೆ ನರಗಳಿಗೂ ಒಂದು ಹೊದಿಕೆ ಇದೆ, ಮಯಲಿನ್ ಎಂದು. ಅದರ ಪ್ರೋಟೀನಿನ ಒಂದು ಚೂರನ್ನು ದೇಹವನ್ನು ಕೆರಳಿಸುವ ಮದ್ದಿನಲ್ಲಿ ಬೆರೆಸಿ ಚುಚ್ಚಿದರೆ, ಇಲಿಯನ್ನು ಕಾಯಬೇಕಾದ ರಕ್ತಕಣಗಳೇ ಅದರ ಮಿದುಳು, ಬೆನ್ನುಹುರಿಗಳ ಮೇಲೆ ಬೀಳುತ್ತವೆ. ಹತ್ತು ಹನ್ನೆರಡು ದಿನಕ್ಕೆ ಬಾಲ ಸೋಲುತ್ತದೆ, ಆಮೇಲೆ ಹಿಂಗಾಲು. ಚೇತರಿಸಿಕೊಂಡರೆ ಕಾಲು ಮೊದಲು, ಬಾಲ ಕೊನೆಗೆ. ದಿನಾ ಬೆಳಿಗ್ಗೆ ಬಾಲದ ತುದಿಯನ್ನು ಬೆರಳಿಗೆ ತಾಗಿಸಿ, ಅದು ಸುತ್ತಿ ಹಿಡಿಯುತ್ತದೆಯೇ ಎಂದು ನೋಡಿ ಅಂಕ ಬರೆಯುವುದು ನನ್ನ ಕೆಲಸ. ರೋಗ ಹೆಚ್ಚಿದಷ್ಟೂ ಅಂಕ ಹೆಚ್ಚು.

ನನ್ನ ತಂಗಿ ಗೌರಿಗೂ ಇದನ್ನೇ ಹೋಲುವ ಕಾಯಿಲೆ. ಶನಿವಾರಸಂತೆಯ ನಮ್ಮ ಮನೆಯಲ್ಲಿ ಮಲಗಿದ್ದಳು. ಬಲಗೈಯಲ್ಲಿ ಮಾತ್ರ ಶಕ್ತಿ ಉಳಿದಿತ್ತು. ವಾರಕ್ಕೊಮ್ಮೆ ಹೋದಾಗ ನನ್ನ ತೋರುಬೆರಳನ್ನು ಬಿಗಿಯಾಗಿ ಹಿಡಿದು, ಸಡಿಲಿಸಿ, ಮತ್ತೆ ಎರಡು ಸಲ ಹಿಡಿಯುವಳು.

"ಎಷ್ಟು ಮಾರ್ಕು ಕೊಟ್ಯೋ ಅಣ್ಣಯ್ಯ?"

"ಸೊನ್ನೆ."

"ಹಂಗಾರೆ ಪಾಸು! ನಿನ್ನ ಸ್ಕೂಲಲ್ಲಿ ಜಾಸ್ತಿ ತಗಂಡೋರೇ ಫೇಲಲ್ವಾ?" ಹೀಗೆ ನಕ್ಕವಳೇ ಒಮ್ಮೆ ಕೇಳಿದಳು: "ಇಲಿಗೆ ನೀವು ಸೂಜಿ ಚುಚ್ತೀರ. ನಂಗ್ಯಾರು ಚುಚ್ಚಿದ್ದು?"



ಒಂದು ಮಂಗಳವಾರ ಬೆಳಿಗ್ಗೆ ಏಳನೇ ಇಲಿಯನ್ನು ಎತ್ತಿದೆ. ಅದರ ಹಿಂಗಾಲು ಎರಡೂ ಬಿದ್ದು ಆರು ದಿನವಾಗಿತ್ತು; ಬಾಲ ಒದ್ದೆ ದಾರದಂತೆ ಜೋತಿತ್ತು. ಅದೇ ಬಾಲ ನನ್ನ ತೋರುಬೆರಳನ್ನು ಸುತ್ತಿ ಬಿಗಿಯಿತು. ಸಡಿಲಿಸಿತು. ಮತ್ತೆ ಎರಡು ಸಲ ಬಿಗಿಯಿತು. ಕೈಗವಸಿದ್ದರೂ ಆ ಒತ್ತು ಚೆನ್ನಾಗಿ ತಿಳಿಯಿತು. ಕಾಲುಗಳು ಮಾತ್ರ ಹಾಗೇ ನೇತಾಡುತ್ತಿದ್ದವು. ಗೂಡಿಗೆ ಬಿಡುವಷ್ಟರಲ್ಲಿ ಬಾಲವೂ ಮೊದಲಿನಂತೆ ಜೋತುಬಿತ್ತು. ಕಂಡಂತೆಯೇ ಬರೆದೆ: ಬಾಲದ ಮುಂದೆ ಸೊನ್ನೆ.

ಕೈಗವಸು ಕಳಚುತ್ತಿದ್ದಾಗ ಅಮ್ಮನ ಫೋನ್ ಬಂತು. "ಗೌರಿ ಹೋಗ್ಬಿಟ್ಲು ಕಣೋ. ಈಗ್ಲೇ, ಕಾಪಿ ಕುಡುಸ್ತಿದ್ದೆ..."

ತಿಥಿ ಮುಗಿಸಿ ಕೆಲಸಕ್ಕೆ ಮರಳಿದಾಗ ಪ್ರಯೋಗ ನಡೆಸುತ್ತಿದ್ದ ಡಾಕ್ಟರ್ ಮೇಡಂ ಆ ಹಾಳೆ ಹಿಡಿದು ಕರೆದರು. "ಕಾಲು ಬರೋಕ್ ಮುಂಚೆ ಬಾಲ ಬರಲ್ಲ ಕಣ್ರೀ. ದುಃಖದಲ್ಲಿ ತಪ್ಪು ಬರ್ದಿದೀರಿ. ತಿದ್ದಿ."

"ಬರೆಯುವಾಗ ನಂಗೆ ದುಃಖ ಇರಲಿಲ್ಲ ಮೇಡಂ. ಸುದ್ದಿನೇ ಬಂದಿರಲಿಲ್ಲ" ಎಂದೆ.

ಅವರು ಆ ಸೊನ್ನೆಯ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿದರು. ಅದು ಹೇಗಾಯಿತೆಂದು ಅವರಿಗೂ ತಿಳಿಯಲಿಲ್ಲ, ನನಗೆ ಇವತ್ತಿಗೂ ತಿಳಿದಿಲ್ಲ. ಆ ಸೊನ್ನೆಯನ್ನು ಮಾತ್ರ ನಾನು ತಿದ್ದಲಿಲ್ಲ.